ದೋಣಿಕಾರ ಬರ್ತಾನಂತ

ನನ್ನ ಬಲಗೈ ಹೆಬ್ಬೆರಳಿಗೆ ಒಂದು ಕೆಟ್ಟ ಚಟವಿದೆ. ಫೋನಿಗೆ ಏನೇ ಬರಲಿ, ನಾನು ಪೂರ್ತಿ ಓದುವ ಮೊದಲೇ ಅದು ಇನ್ನೊಬ್ಬರಿಗೆ ಕಳಿಸಿಬಿಟ್ಟಿರುತ್ತದೆ. ಬೆಳ್ಳುಳ್ಳಿ ತಿಂದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ, ನಾಳೆ ಶಾಲೆಗಳಿಗೆ ರಜೆ, ಮಂಜೀರಾ ನದಿಯ ಮೊಸಳೆ ರಸ್ತೆಗೆ ಬಂದಿದೆ, ಹೀಗೆ ಏನೇನೋ. ನಾರಾಯಣಖೇಡದ ನಮ್ಮ ಶಾಲೆಯ ಸಿಬ್ಬಂದಿ ಗುಂಪಿನಲ್ಲಿ ಇದಕ್ಕಾಗಿಯೇ ನನಗೆ ತೆಲುಗಿನಲ್ಲಿ ಒಂದು ಅಡ್ಡಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಲೆಕ್ಕದ ಟೀಚರು ಎನ್ನುವುದು ಇದರ ಜೊತೆ ಇನ್ನೊಂದು ನಗೆಪಾಟಲು. ತರಗತಿಯಲ್ಲಿ ಮಕ್ಕಳು ಬರೀ ಉತ್ತರ ಬರೆದರೆ ನಾನು ಒಪ್ಪುವುದಿಲ್ಲ, ಎಲ್ಲಿಂದ ಬಂತು ತೋರಿಸು ಎನ್ನುತ್ತೇನೆ. ಸ್ಟಾಫ್ ರೂಮಿಗೆ ಬಂದು ಕೂತ ಮೇಲೆ ಮಾತ್ರ ಎಲ್ಲಿಂದ ಬಂದದ್ದಾದರೂ ಸರಿಯೇ.

ಇದು ನನ್ನ ಧಾರಾಳತನ ಎಂದು ಯಾರಾದರೂ ತಿಳಿದುಕೊಂಡರೆ ತಪ್ಪು. ಇದು ಪುಕ್ಕಲುತನ. ಒಂದು ಸುದ್ದಿ ನನ್ನೊಬ್ಬಳ ಹತ್ತಿರವೇ ಉಳಿದರೆ ಎದೆ ಡವಡವ ಎನ್ನುತ್ತದೆ. ಇನ್ನೊಬ್ಬರಿಗೆ ದಾಟಿಸಿದರೆ ಅರ್ಧ ಭಾರ ಇಳಿದಂತಾಗುತ್ತದೆ. ಆ ಅರ್ಧ ಭಾರ ಯಾರ ತಲೆಯ ಮೇಲೆ ಹೋಗಿ ಕೂತಿತು ಎಂದು ನಾನು ಯಾವತ್ತೂ ತಿರುಗಿ ನೋಡಿದವಳಲ್ಲ, ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ಒಂದು ಚಿತ್ರ ನನ್ನ ಫೋನಿಗೆ ಬರುವವರೆಗೆ.

ಚಿತ್ರದಲ್ಲಿ ಹುಲ್ಲಿನ ಟೊಪ್ಪಿಗೆ ಹಾಕಿಕೊಂಡ ಗಿಡ್ಡ ಮನುಷ್ಯನೊಬ್ಬ ಉದ್ದ ಕೋಲು ಹಿಡಿದು ದೋಣಿಯಲ್ಲಿ ನಿಂತಿದ್ದ. ನೀರು ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತೆಂದರೆ ಮುಟ್ಟಿದರೆ ಬೆರಳು ಒದ್ದೆಯಾಗಬೇಕು. ಕೆಳಗೆ ಏನೋ ಬರೆದಿತ್ತು. ಬರೆದದ್ದನ್ನು ಓದಲಿಲ್ಲ. ಓದುವುದೇನಿದೆ, ಅವನನ್ನು ನೋಡುತ್ತಲೇ ಗುರುತು ಹಿಡಿದೆ. ಒಂದು ನಿಮಿಷವೂ ಆಗಿರಲಿಲ್ಲ, ಚಿತ್ರ ತಾಂಡೂರಿನಲ್ಲಿರುವ ನಮ್ಮಕ್ಕ ಜಗದೇವಿಯ ಫೋನಿನಲ್ಲಿತ್ತು.

ಅವನು ಯಾರೆಂದು ಹೇಳಬೇಕು. ನಾವು ಬೆಳೆದದ್ದು ಜಹೀರಾಬಾದಿನಲ್ಲಿ, ಬಸ್ ಡಿಪೋದ ಹಿಂದಿನ ಓಣಿಯಲ್ಲಿ. ಅಪ್ಪ ಡಿಪೋದಲ್ಲಿ ಮೆಕ್ಯಾನಿಕ್. ನನಗೆ ಒಂಬತ್ತು, ಅಕ್ಕನಿಗೆ ಹದಿನಾಲ್ಕು ಇದ್ದಾಗ ಸೋದರಮಾವ ಮಸ್ಕತ್ತಿನಿಂದ ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ತಂದ. ಜೊತೆಗೆ ಮೂರು ಕ್ಯಾಸೆಟ್ಟು. ಮೂರೂ ಒಂದೇ ಸರಣಿಯ ಆಟಗಳು, ಭಾಗ ಒಂದು, ಎರಡು, ಮೂರು. ಮೇಲೆ ಬರೆದಿದ್ದ ಭಾಷೆ ನಮ್ಮ ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹೀಗಾಗಿ ಅದಕ್ಕೆ ನಾವೇ ದೋಣಿಕಾರನ ಆಟ ಎಂದು ಹೆಸರಿಟ್ಟೆವು. ಅವನು ಒಂದಾದ ಮೇಲೊಂದು ನದಿ ದಾಟಬೇಕು. ಸುಳಿ, ತೇಲಿ ಬರುವ ಮರದ ದಿಮ್ಮಿ, ಮೊಸಳೆ, ಟೊಪ್ಪಿಗೆ ಕಚ್ಚಿಕೊಂಡು ಹೋಗುವ ಒಂದು ಹಾಳು ಹಕ್ಕಿ. ನಾವಿಬ್ಬರೂ ಅಲ್ಲಿಯವರೆಗೆ ನಿಜವಾದ ದೋಣಿಯನ್ನು ಕಣ್ಣಿಂದ ಕಂಡವರಲ್ಲ. ಜಹೀರಾಬಾದಿನ ಕೆಂಪು ಮಣ್ಣಿನಲ್ಲಿ ದೋಣಿ ಎಲ್ಲಿಂದ ಬರಬೇಕು?

ಆಡುವವಳು ಅಕ್ಕ. ನನ್ನ ಕೆಲಸ ಟೀವಿಯ ಹಿಂದಿನ ವೈರನ್ನು ಅಲುಗಾಡದಂತೆ ಹಿಡಿದು ಕೂರುವುದು. ಮೊಸಳೆ ಬಂದ ಕೂಡಲೇ ನಾನು ಕಣ್ಣು ಮುಚ್ಚುತ್ತಿದ್ದೆ.

"ಸತ್ತನಾ?"

"ಇಲ್ಲಲೇ. ಕಣ್ಣ ತಗಿ."

"ಈಗ ಸತ್ತನಾ?"

"ನೀ ಹಿಂಗ ಒದರಿದ್ರ ಸಾಯ್ತಾನ ನೋಡು!"

ಒಂದು ಬೇಸಿಗೆ ರಜೆ ಪೂರ್ತಿ ಕರೆಂಟಿಗೆ ಕಾದು ಕಾದು ಅಕ್ಕ ಮೂರನೇ ಭಾಗ ಮುಗಿಸಿದಳು. ಕೊನೆಯ ನದಿ ದಾಟಿದ ಮೇಲೆ ದೋಣಿಕಾರ ದೋಣಿ ಕಟ್ಟಿ, ಮೆಟ್ಟಿಲು ಹತ್ತಿ, ಒಂದು ಮನೆಯ ಮುಂದೆ ನಿಲ್ಲುತ್ತಾನೆ. ಕಿಟಕಿಯಲ್ಲಿ ದೀಪವಿದೆ. ಬಾಗಿಲು ಬಡಿಯಲು ಕೈ ಎತ್ತುತ್ತಾನೆ. ಅಷ್ಟೇ, ತೆರೆ ಕಪ್ಪಾಗಿ ನಾಲ್ಕು ಅಕ್ಷರ ಬಂದವು. ಉಳಿದದ್ದು ಮುಂದಿನ ಭಾಗದಲ್ಲಿ ಎಂದಿರಬೇಕು ಎಂದು ಮಾವ ಊಹಿಸಿ ಅರ್ಥ ಹೇಳಿದ. ಒಳಗೆ ಅವನ ತಾಯಿ ಇದ್ದಾಳೆ ಎಂದು ಅಕ್ಕ, ಕಳ್ಳರಿದ್ದಾರೆ ಎಂದು ನಾನು. ಇದರ ಮೇಲೆ ನಾವು ಜಡೆ ಹಿಡಿದು ಜಗಳಾಡಿ ಅವ್ವನ ಕೈಲಿ ಏಟು ತಿಂದಿದ್ದೇವೆ. ನಾಲ್ಕನೇ ಭಾಗ ಮಾತ್ರ ಬರಲೇ ಇಲ್ಲ. ಮಾಡುವವರು ಆ ಸರಣಿಯನ್ನೇ ಕೈಬಿಟ್ಟು ಬೇರೆ ಬೇರೆ ಆಟಗಳಿಗೆ ಹೋದರು. ಪೆಟ್ಟಿಗೆ ಕೆಟ್ಟಿತು, ಅಕ್ಕ ಮದುವೆಯಾಗಿ ತಾಂಡೂರಿಗೆ ಹೋದಳು, ನಾನು ನೌಕರಿ ಹಿಡಿದು ನಾರಾಯಣಖೇಡಕ್ಕೆ ಬಂದೆ. ದೋಣಿಕಾರ ಆ ಬಾಗಿಲ ಮುಂದೆ ಕೈ ಎತ್ತಿಕೊಂಡೇ ನಿಂತ.

ಈಗ ನೋಡಿದರೆ ಈ ಚಿತ್ರ. ಕಳಿಸಿದ ಐದೇ ನಿಮಿಷಕ್ಕೆ ಅಕ್ಕನ ಫೋನು ಬಂತು. ಐವತ್ತರ ಹತ್ತಿರದ ಹೆಂಗಸಿನ ದನಿಯೇ ಅಲ್ಲ ಅದು.

"ಕಸ್ತೂರೀ, ಖರೇನಾ?"

"ಖರೇ ಅಕ್ಕಾ. ನಾಕನೇ ಭಾಗ. ಎಲ್ಲಾ ಕಡಿ ಅದೇ ಸುದ್ದಿ."

"ಟೊಪ್ಪಿಗಿ ಅದೇ ಅದನಾ?"

"ಅದೇ ಅದ, ಹುಲ್ಲಿಂದು."

"ಯಾವಾಗ ಬರ್ತಾನಂತ?"

ಆಗ ಚಿತ್ರದ ಕೆಳಗಿದ್ದದ್ದನ್ನು ಮೊದಲ ಸಲ ಓದಿದೆ. "ದೀಪಾವಳಿಗಿ ಅಂತ ಬರ್ದಾರ."

"ದೀಪಾವಳಿಗಿ," ಎಂದು ಅಕ್ಕ ಮೆಲ್ಲಗೆ ಹೇಳಿಕೊಂಡಳು. ನನಗೆ ಸಂತೋಷವಾಯಿತು. ಬಹಳ ದಿನದ ಮೇಲೆ ನಾನು ಕಳಿಸಿದ ಒಂದು ಸುದ್ದಿಯಿಂದ ಒಬ್ಬರಾದರೂ ಖುಷಿಯಾದರಲ್ಲ!

ಮೂರು ದಿನವಾಗಿತ್ತು. ಶಾಲೆಯ ಬಿಡುವಿನಲ್ಲಿ ಭಾವನ ಫೋನು. ಭಾವ ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಯಂತ್ರಗಳ ಸದ್ದಿನ ನಡುವೆ ದಿನವಿಡೀ ಇದ್ದರೂ ಮಾತು ಮಾತ್ರ ಪಿಸುಗುಟ್ಟಿದ ಹಾಗೆ.

"ಕಸ್ತೂರಿ, ನಿಮ್ಮಕ್ಕ ಆಪರೇಶನ್ ಬ್ಯಾಡಂತ ದವಾಖಾನಿಗಿ ಫೋನ್ ಮಾಡಿ ಹೇಳ್ಯಾಳ."

ಸಕ್ಕರೆ ಕಾಯಿಲೆಯಿಂದ ಅಕ್ಕನ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನ ಒಳಪರದೆಯೂ ಜಗ್ಗಿ ಕಿತ್ತು ಬರುತ್ತಿದೆ, ತಡ ಮಾಡಬೇಡಿ ಎಂದು ಹೈದರಾಬಾದಿನ ಡಾಕ್ಟರು ಮುಂದಿನ ವಾರದ ದಿನ ಗೊತ್ತುಮಾಡಿದ್ದರು. ಇದೆಲ್ಲ ನನಗೆ ಗೊತ್ತಿತ್ತು.

"ಯಾಕಂತ ಭಾವಾ?"

"ದೀಪಾವಳಿ ಆದಮ್ಯಾಲೆ ಮಾಡಿಸ್ಕೋತೀನಿ ಅಂತಾಳ. ಅದೇನೋ ದೋಣಿ ಆಟ ಬರೋದದಂತ. ಆಪರೇಶನ್ ಕೆಟ್ಟು ಇದ್ದ ಕಣ್ಣೂ ಹೋದ್ರ ಅದನ್ನ ನೋಡಾಕ ಆಗಂಗಿಲ್ಲ, ನೋಡೇ ಹೋಗ್ತೀನಿ ಅಂತ ಹಟ ಹಿಡದಾಳ. ಯಾರ್ ಹೇಳ್ಯಾರೋ ಆಕಿಗಿ ಇದನ್ನ!"

ಕಳಿಸಿದವಳು ನಾನೇ ಎಂದು ಹೇಳಲಿಲ್ಲ. ಗಂಟೆ ಹೊಡೆಯಿತು. ತರಗತಿಗೆ ಹೋಗಿ ಹಲಗೆಯ ಮೇಲೆ ಲೆಕ್ಕ ಬರೆದೆ. ಅದು ಹಿಂದಿನ ದಿನವೇ ಮಾಡಿಸಿದ ಲೆಕ್ಕವೆಂದು ಮಕ್ಕಳು ಹೇಳಬೇಕಾಯಿತು.

ಅಲ್ಲಿಂದ ಶುರುವಾಯಿತು ನನ್ನ ಕಳವಳ. ಜಗತ್ತಿನಲ್ಲಿ ಆ ಆಟದ ಹುಚ್ಚಿರುವವರೆಲ್ಲ ಸುದ್ದಿ ನಿಜವಾಗಲಿ ಎಂದು ಕಾಯುತ್ತಿದ್ದರೆ, ಅದು ಸುಳ್ಳಾಗಲಿ ಎಂದು ಕಾಯುತ್ತಿದ್ದವಳು ನಾನೊಬ್ಬಳೇ ಇರಬೇಕು. ನಮ್ಮ ಮನೆಯಲ್ಲಿ ಹರಕೆ ಹೊರುವ ರೂಢಿಯೂ ಇಲ್ಲ. ಅಪ್ಪನ ಕಾಲದಿಂದ ಗೋಡೆಯ ಮೇಲೆ ಬುದ್ಧನಿದ್ದಾನೆ. ಅವನ ಮುಂದೆ ಮೇಣದಬತ್ತಿ ಹಚ್ಚಿ ಕೂರಬಹುದು, ಇದು ಕೊಡು ಅದು ಕೊಡು ಎಂದು ಕೇಳುವಂತಿಲ್ಲ. ಕೇಳುವವರಿಗೆ ಹೊರೆ ಇಳಿಸಲು ಒಂದು ಕಟ್ಟೆಯಾದರೂ ಇರುತ್ತದೆ. ನಾನು ಕೂತೆ, ಬತ್ತಿ ಕರಗಿತು, ಎದೆ ಹಾಗೇ ಇತ್ತು.

ಫೋನು ತೆರೆದರೆ ಸುದ್ದಿ ದಿನದಿಂದ ದಿನಕ್ಕೆ ಮೈ ತುಂಬಿಕೊಳ್ಳುತ್ತಿತ್ತು. ಹಳೆಯ ಕೆಲಸಗಾರನೊಬ್ಬ ಬಾಯಿ ಬಿಟ್ಟಿದ್ದಾನಂತೆ. ಯಾವುದೋ ದೇಶದ ಅಂಗಡಿಯ ಪಟ್ಟಿಯಲ್ಲಿ ಹೆಸರು ಕಾಣಿಸಿತಂತೆ. ಹಿಂದಿಯಲ್ಲೊಬ್ಬ, ತೆಲುಗಿನಲ್ಲೊಬ್ಬ ಕೆಂಪು ಬಾಣ ಎಳೆದು ಎಳೆದು ತೋರಿಸುತ್ತಿದ್ದರು. ಎಲ್ಲರ ಮಾತಿನ ಕೊನೆಗೂ ಒಂದು ಅಂತೆ. ಕೊನೆಗೆ ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ಸ್ವಪ್ನಾಗೆ ಚಿತ್ರ ತೋರಿಸಿದೆ. ಚಿಕ್ಕ ವಯಸ್ಸಿನ, ಚುರುಕಾದ ಹುಡುಗಿ. ಚಿತ್ರವನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದು, ಕೋಲು ಹಿಡಿದ ಕೈಯ ಬೆರಳು ಎಣಿಸಿ ಮೇಡಂ, ಎಂದಳು. ಎಣಿಸಿದೆ. ಆರು. ಇನ್ನೊಂದು ಸಲ ಎಣಿಸಿದೆ. ಲೆಕ್ಕದ ಟೀಚರಿಗೆ ಬೆರಳೆಣಿಸುವುದನ್ನು ಬೇರೆಯವರು ಹೇಳಿಕೊಡಬೇಕಾಯಿತು. ಯಾರೋ ಕಂಪ್ಯೂಟರಿಗೆ ಹೇಳಿ ಬರೆಸಿದ ಚಿತ್ರವಂತೆ ಅದು. ಈ ಸಲದ ಅಂತೆ ಮಾತ್ರ ನನಗೆ ಜೇನಿನಂತಿತ್ತು.

ಅಕ್ಕನಿಗೆ ಫೋನು ಮಾಡಿ ಆರು ಬೆರಳಿನ ವಿಷಯ ಹೇಳಿದೆ.

"ಇದ್ರ ಇರಲಿ ಬಿಡು," ಎಂದಳು. "ಹೊಸಾ ಆಟದಾಗ ಒಂದು ಬೆರಳ ಜಾಸ್ತಿ ಕೊಟ್ಟಿರಬೇಕು."

ಮತ್ತೊಂದು ವಾರಕ್ಕೆ ಆಟ ಮಾಡುವ ಕಂಪನಿಯವರೇ ಎರಡು ಸಾಲು ಬರೆದು ಹಾಕಿದರು. ಅಂಥ ಯಾವ ಆಟವನ್ನೂ ತಾವು ಮಾಡುತ್ತಿಲ್ಲ, ಆ ಚಿತ್ರ ತಮ್ಮದಲ್ಲ ಎಂದು. ಎಲ್ಲೆಲ್ಲಿಯ ಜನವೋ ಅಳುವ ಮುಖಗಳನ್ನು ಒತ್ತುತ್ತಿದ್ದರು. ನಾನು ಬಜಾರಿಗೆ ಹೋಗಿ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬಂದು ಸ್ಟಾಫ್ ರೂಮಿನಲ್ಲಿ ಹಂಚಿದೆ. ಏನು ವಿಶೇಷ ಎಂದು ಕೇಳಿದರು. ಒಂದು ಆಟ ಬರುವುದಿಲ್ಲವಂತೆ, ಎಂದೆ. ನನ್ನ ಅಡ್ಡಹೆಸರಿಗೆ ಆ ದಿನ ಇನ್ನೊಂದು ಸೇರಿಕೊಂಡಿತು.

ಕಂಪನಿಯ ಎರಡು ಸಾಲನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ನಕ್ಕಳು.

"ಅವರು ಹಂಗೇ ಅಂತಾರ. ಮಾತುಕತಿ ಮುಗಿಯೋ ತನಕ ಮದುವಿ ಸುದ್ದಿ ಯಾರರ ಹೊರಗ ಬಿಡ್ತಾರೇನು? ಮುಚ್ಚಿಟ್ಟಾರ. ಬರ್ತಾನ ನೋಡು."

ಹಾಗೆ ಹೇಳುತ್ತಿದ್ದವಳು ಅವಳೊಬ್ಬಳೇ ಅಲ್ಲ. ಇಲ್ಲ ಎಂದದ್ದೇ ಇದೆ ಎನ್ನುವುದಕ್ಕೆ ಸಾಕ್ಷಿ ಎಂದು ಕೆಂಪು ಬಾಣದವರು ಅಷ್ಟರಲ್ಲಿ ಹೊಸ ವಿಡಿಯೋ ಮಾಡಿದ್ದರು. ಆಪರೇಶನ್ನಿಗೆ ಡಾಕ್ಟರು ಗೊತ್ತುಮಾಡಿದ್ದ ದಿನ ದಾಟಿ ಹೋಗಿತ್ತು. ದೀಪಾವಳಿಗೆ ಇನ್ನೂ ಇಪ್ಪತ್ತು ದಿನ. ಒಳಪರದೆ ಈಗ ಎಷ್ಟು ಕಿತ್ತು ಬಂದಿರಬಹುದು ಎಂದು ನಾನು ದಿನ ಎಣಿಸುತ್ತಿದ್ದೆ.

ಆಗ ಒಂದು ಉಪಾಯ ಹೊಳೆಯಿತು. ಒಪ್ಪಿಕೊಳ್ಳುತ್ತೇನೆ, ನೀಚ ಉಪಾಯ. ಫೋನಿನಲ್ಲಿ ನಾನೇ ಬರೆದೆ: ದೋಣಿಕಾರನ ಆಟ ಎರಡು ವರ್ಷ ಮುಂದಕ್ಕೆ ಹೋಗಿದೆ, ಖಚಿತ ಮೂಲಗಳ ಸುದ್ದಿ. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಓದಿ ನಾನೇ ನಂಬಿದೆ. ಕಳಿಸಿದರೆ ಅಕ್ಕ ನಾಳೆಯೇ ದವಾಖಾನೆಗೆ ಹೋಗುತ್ತಾಳೆ. ಹೋಗುತ್ತಾಳೆಯೇ? ಎರಡು ವರ್ಷ ಕಾಯುತ್ತೇನೆ ಎಂದರೆ? ಜೀವಮಾನದಲ್ಲಿ ಮೊದಲ ಸಲ ನನ್ನ ಹೆಬ್ಬೆರಳು ಗಾಳಿಯಲ್ಲಿ ನಿಂತಿತು. ಒಂದೊಂದೇ ಅಕ್ಷರ ಅಳಿಸಿದೆ. ಮರುದಿನ ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದೆ.

ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ತಾಂಡೂರು ಮುಟ್ಟುವಷ್ಟರಲ್ಲಿ ಹೇಳಬೇಕಾದ ಮಾತನ್ನು ನಾಲ್ಕು ಬಗೆಯಲ್ಲಿ ಜೋಡಿಸಿ ನಾಲ್ಕನ್ನೂ ಕೆಡಿಸಿದ್ದೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಫೋಟೋ ತೆಗೆದು ಹತ್ತು ಮಂದಿಗೆ ಕಳಿಸುತ್ತಿದ್ದೆ.

ಅಕ್ಕ ನಡುಮನೆಯ ಕಲ್ಲುಹಾಸಿನ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕೈ ತನ್ನ ಪಾಡಿಗೆ ಎಲೆ ಕೀಳುತ್ತಿತ್ತು. ನನ್ನ ಹೆಜ್ಜೆಯ ಸದ್ದಿಗೇ, "ಬಾರಲೇ, ಹೇಳದ ಕೇಳದ ಬಂದೀದಿ," ಎಂದಳು.

ನಾನು ಚಪ್ಪಲಿ ಬಿಟ್ಟವಳೇ ಎಲ್ಲ ಒದರಿಬಿಟ್ಟೆ. "ಅಕ್ಕಾ, ಅದು ಸುಳ್ಳ. ನಾ ಓದದೇನೇ ಕಳಿಸಿದ್ದೆ. ಅದೊಂದೇ ಅಲ್ಲ, ಬೆಳ್ಳುಳ್ಳಿದೂ ಸುಳ್ಳ, ಮೊಸಳಿದೂ ಸುಳ್ಳ. ನಾ ಇಲ್ಲೀತನ ಕಳಿಸಿದ್ದರಾಗ ಯಾವುದು ಖರೇ ಇತ್ತೋ ನನಗ ಗೊತ್ತಿಲ್ಲ. ನನ್ನ ಸಲುವಾಗಿ ನಿನ್ನ ಕಣ್ಣ ಹೋಗಬಾರದು."

ಅಕ್ಕ ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ಬರ್ತಾನಂತನೇ ಇರಲಿ ಬಿಡಲೇ," ಎಂದಳು ಆಮೇಲೆ. "ಬರಂಗಿಲ್ಲಂದ್ರ ನಾ ನಾಳಿಗೇ ಹೋಗಬೇಕಾಗ್ತದ."

"ಹೋಗಬೇಕಲ್ಲಾ!"

"ಅಂಜಿಕಿ ಬರ್ತದ ಕಸ್ತೂರಿ." ಅಕ್ಕನ ಬಾಯಲ್ಲಿ ಆ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅಂಜಿಕೆ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದ ಆಸ್ತಿ. "ಕೊಡಂಗಲ್‌ದಾಗ ಮಾಣಿಕಮ್ಮ ಅಂತ ಒಬ್ಬಾಕಿ ಅದಾಳ, ಬಜಾರದಾಗ ಹುಣಸಿಹಣ್ಣ ಮಾರ್ತಾಳ. ಇದೇ ಆಪರೇಶನ್ ಮಾಡಿಸ್ಕೊಂಡ್ಲಂತ. ಪಟ್ಟಿ ಬಿಚ್ಚಿದ್ರ ಬರೀ ಕತ್ತಲಂತ."

"ಯಾರ್ ಹೇಳಿದ್ರು ನಿನಗ?"

"ಎಲ್ಲಾರೂ ಅಂತಾರ."

"ನೀ ಆಕಿನ್ನ ಕೇಳೀದೇನು?"

"ಇಲ್ಲ."

ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. ಬಹುಶಃ ಅಕ್ಕ ಹೆದರಿದ್ದು ಕಂಡು ಇಬ್ಬರಲ್ಲಿ ಒಬ್ಬರಾದರೂ ಹೆದರದೆ ಇರಬೇಕು ಎನಿಸಿತೋ ಏನೋ. "ಏಳು ಹಂಗಾರ," ಎಂದೆ. "ಕೊಡಂಗಲ್ ಎಷ್ಟು ದೂರದ? ಕೇಳೇ ಬರೋಣು."

ಊಟ ಮಾಡಿ ಬಸ್ಸು ಹತ್ತಿದೆವು. ಅಕ್ಕ ನನ್ನ ಮೊಣಕೈ ಹಿಡಿದೇ ಇಳಿದಳು. ಬಜಾರಿನಲ್ಲಿ ಎರಡು ಕಡೆ ಕೇಳಿದ ಮೇಲೆ ಮಾಣಿಕಮ್ಮ ಸಿಕ್ಕಳು. ಅರವತ್ತು ದಾಟಿದ ಗಟ್ಟಿ ಮುದುಕಿ. ಗೋಣಿಚೀಲದ ಮೇಲೆ ಹುಣಸೆಹಣ್ಣಿನ ಗುಡ್ಡೆ. ಒಂದು ಕಣ್ಣು ಪೂರ್ತಿ ಬೆಳ್ಳಗೆ, ಇನ್ನೊಂದು ಎಲ್ಲೋ ನೋಡುತ್ತಿತ್ತು. ಹಣ್ಣನ್ನು ಮೂಗಿಗೆ ಹಿಡಿದು, ಬೆರಳಲ್ಲಿ ಒತ್ತಿ ಹಳತು ಹೊಸತು ಬೇರೆ ಮಾಡುತ್ತಿದ್ದಳು. ನಾನು ಅರ್ಧ ಸೇರು ಕೊಂಡು, ಮೆಲ್ಲಗೆ ಮಾತು ತೆಗೆದೆ.

"ಆಪರೇಶನ್ನಾ?" ಎಂದು ಅವಳು ಗಟ್ಟಿಯಾಗಿಯೇ ಕೇಳಿದಳು. "ಯಾರ್ ಹೇಳಿದ್ರವ್ವಾ ನಿಮಗ? ನಾ ದವಾಖಾನಿ ಮೆಟ್ಟಲಾನೇ ಹತ್ತಿಲ್ಲ. ಹೋಗು ಹೋಗು ಅಂತ ಮಕ್ಕಳು ಬಡಕೊಂಡ್ವು. ನಾನೇ ಹೋಗಲಿಲ್ಲ."

"ಯಾಕ ಹೋಗಲಿಲ್ರಿ?" ಅಕ್ಕ ಕೇಳಿದಳು.

"ಅಂಜಿದೆನವ್ವಾ. ಹಿಂಗೇ ಒಬ್ಬಾಕಿ ಕೊಯ್ಸಿಕೊಂಡ್ಲಂತ, ಇದ್ದ ಕಣ್ಣೂ ಹೋತಂತ ಕೇಳಿದ್ದೆ. ಇವತ್ತ ನಾಳಿ ಅಂತ ಮನ್ಯಾಗೇ ಕುಂತೆ. ಕುಂತಲ್ಲೇ ದೀಪಾ ಆರಿದಂಗ ಆತು."

"ಯಾರ್ರಿ ಆಕಿ, ಕಣ್ಣ ಹೋದಾಕಿ?"

"ನನಗೇನ ಗೊತ್ತವ್ವಾ. ಯಾರೋ ತಾಂಡೂರಾಕಿಯಂತ."

ಅಕ್ಕನ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಒತ್ತಿತು. ತಾಂಡೂರಿನವಳು ಹೆದರಿದ್ದು ಕೊಡಂಗಲ್ಲಿನವಳ ಸುದ್ದಿಗೆ, ಕೊಡಂಗಲ್ಲಿನವಳು ಹೆದರಿದ್ದು ತಾಂಡೂರಿನವಳ ಸುದ್ದಿಗೆ. ನಗು ಬರಬೇಕಾದ ಜಾಗ, ಆದರೆ ಇಬ್ಬರಿಗೂ ಬರಲಿಲ್ಲ. ನಾವು ಹೊರಟಾಗ ಮಾಣಿಕಮ್ಮ ಇನ್ನೊಂದು ಹಿಡಿ ಹಣ್ಣನ್ನು ಚೀಲಕ್ಕೆ ಹಾಕಿ, "ಹೋಗವ್ವಾ ನೀ. ನನ್ನಂಗ ಕೂಡಬ್ಯಾಡ," ಎಂದಳು. ಯಾರಿಗೆ ಕಣ್ಣಿನ ತೊಂದರೆ ಎಂದು ನಾವು ಹೇಳಿಯೇ ಇರಲಿಲ್ಲ. ದನಿಯಲ್ಲೇ ತಿಳಿದುಕೊಂಡಿದ್ದಳು.

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಅಕ್ಕ ಬಾಯಿ ಬಿಟ್ಟಳು. "ದವಾಖಾನಿಗಿ ಫೋನ್ ಹಚ್ಚು. ಈಗೇ ಹಚ್ಚು, ಮನಿ ಮುಟ್ಟಿದ್ರ ಮತ್ತ ಮನಸ್ಸ ಬದಲಾಗ್ತದ."

ಮೊದಲು ಗೊತ್ತುಮಾಡಿದ್ದ ದಿನಕ್ಕಿಂತ ಇಪ್ಪತ್ತೈದು ದಿನ ತಡವಾಗಿ ಆಪರೇಶನ್ ಆಯಿತು. ಭಾವ ಹೊರಗೆ ಬೆಂಚಿನ ಮೇಲೆ ಕಲ್ಲಿನಂತೆ ಕೂತಿದ್ದರು. ನಾನು ನೆಲದ ಚೌಕಗಳನ್ನು ಉದ್ದಕ್ಕೂ ಅಡ್ಡಕ್ಕೂ ಎಣಿಸಿ ಗುಣಿಸಿದೆ. ಎರಡು ಸಲ ಬೇರೆ ಬೇರೆ ಉತ್ತರ ಬಂತು. ಡಾಕ್ಟರು ಹೊರಗೆ ಬಂದು, ಪರದೆ ಮತ್ತೆ ಜಾಗದಲ್ಲಿ ಕೂತಿದೆ, ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದೇವೆ, ಅದು ಕರಗಿದ ಮೇಲೆ ಎಷ್ಟು ಕಾಣುತ್ತದೋ ನೋಡೋಣ, ಎಂದರು. ಇನ್ನೂ ಸ್ವಲ್ಪ ಮೊದಲು ಬಂದಿದ್ದರೆ ಚೆನ್ನಾಗಿತ್ತು, ಎಂದೂ ಸೇರಿಸಿ ಹೋದರು. ಅವರಿಗೆ ಅದು ದಿನಾ ಹೇಳುವ ಮಾತು. ನನಗೆ ಮಾತ್ರ ಅದು ಇನ್ನೂ ಎದೆಯಲ್ಲೇ ಸಿಕ್ಕಿಕೊಂಡಿದೆ. ಆ ಇಪ್ಪತ್ತೈದು ದಿನಗಳಲ್ಲಿ ಅಂಜಿಕೆಯ ಪಾಲೆಷ್ಟು, ನನ್ನ ಹೆಬ್ಬೆರಳಿನ ಪಾಲೆಷ್ಟು? ಈ ಲೆಕ್ಕವನ್ನು ನಾನು ಬಿಡಿಸಲಾರೆ.

ಗುಳ್ಳೆ ಪರದೆಯನ್ನು ಒತ್ತಿ ಹಿಡಿಯಲೆಂದು ಒಂದು ವಾರ ಅಕ್ಕ ಮುಖ ಕೆಳಗೆ ಮಾಡಿಯೇ ಮಲಗಬೇಕಿತ್ತು. ನಾನು ರಜೆ ಹಾಕಿ ಜೊತೆಗಿದ್ದೆ. ಅವಳೊಡನೆ ಮಾತಾಡಬೇಕೆಂದರೆ ನಾನೂ ನೆಲದ ಮೇಲೆ ಮಲಗಿ ಕತ್ತು ಮೇಲೆತ್ತಬೇಕು. ಹಾಗೇ ಮಲಗಿ ಊರ ಸುದ್ದಿಯೆಲ್ಲ ಮಾತಾಡಿದೆವು. ದೀಪಾವಳಿ ಬಂತು, ಹೋಯಿತು. ದೋಣಿಕಾರ ಬರಲಿಲ್ಲ. ಅವನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಎರಡನೇ ಶನಿವಾರ ತಾಂಡೂರಿಗೆ ಹೋದೆ. ಗುಳ್ಳೆ ಪೂರ್ತಿ ಕರಗಿದೆ, ಸ್ವಲ್ಪ ಸ್ವಲ್ಪ ಕಾಣುತ್ತಿದೆ ಎಂದು ಭಾವ ಫೋನಿನಲ್ಲಿ ಹೇಳಿದ್ದರು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಡಗಣ್ಣನ್ನು ಕಿರಿದು ಮಾಡಿ ನನ್ನನ್ನೇ ನೋಡಿದಳು.

"ತಲಿಗಿ ಏನಾತಲೇ ನಿನಗ?" ಎಂದಳು. "ಯಾವಾಗ ಇಷ್ಟು ಬೆಳ್ಳಗಾತು?"

ಬಣ್ಣ ಹಚ್ಚಿದರೆ ನೆತ್ತಿ ಉರಿಯುತ್ತದೆಂದು ನಾನು ಹಚ್ಚುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಶಾಲೆಯಲ್ಲಿ, ಓಣಿಯಲ್ಲಿ, ಬಸ್ಸಿನಲ್ಲಿ, ಆಡಿಕೊಳ್ಳದವರೇ ಇರಲಿಲ್ಲ. ಅಕ್ಕ ಮಾತ್ರ ಒಂದು ದಿನವೂ ಏನೂ ಅಂದಿರಲಿಲ್ಲ. ಅದು ಅವಳ ದೊಡ್ಡತನ ಎಂದು ನಾನು ಅಂದುಕೊಂಡಿದ್ದೆ. ಆ ಎರಡು ವರ್ಷಗಳಲ್ಲಿ ಎಷ್ಟು ಸಲ ಬಂದು ಹೋಗಿದ್ದೆನೋ. ಪ್ರತಿ ಸಲ ನನ್ನ ಗಲ್ಲ ಸವರಿ, ಚಂದ ಕಾಣ್ತೀದಿ, ಎನ್ನುತ್ತಿದ್ದಳು.

"ಈಗೀಗ ಅಕ್ಕಾ," ಎಂದೆ. "ಒಂದು ತಿಂಗಳಾಗಿರಬೇಕು."

ಅಕ್ಕ ಹತ್ತಿರ ಬಂದು ನನ್ನ ಬೈತಲೆಯಲ್ಲಿ ಬೆರಳಾಡಿಸಿದಳು, ಬುಡದಿಂದ ತುದಿಯವರೆಗೆ.

"ಸುಳ್ಳ. ತಿಂಗಳದಾಗ ಇಷ್ಟು ಆಗಂಗಿಲ್ಲ. ಖರೇ ಹೇಳು, ಎಷ್ಟು ದಿನ ಆತು?"

"ಎರಡು ವರ್ಷ."

ಅವಳು ತಲೆಯಾಡಿಸಿದಳು. ಕಣ್ಣೊರೆಸಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದರಿಂದ ಹಾಗೇ ಬಿಟ್ಟಳು. ಆಮೇಲೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಕಿಟಕಿಯ ಪಕ್ಕ ಕಲ್ಲುಹಾಸಿನ ಮೇಲೆ ಬಿಸಿಲು ಬಿದ್ದ ಜಾಗ ತೋರಿಸಿದಳು.

"ಕುಂದ್ರು ಇಲ್ಲಿ. ಬೆಳಕಿಗಿ ಮುಖಾ ಮಾಡಿ ಕುಂದ್ರು. ಚಾ ಆಮ್ಯಾಲೆ ಇಡ್ತೀನಿ."